ಬಿಡದ ಕೆಮ್ಮು: ಒಗ್ಗರಣೆಯ ಘಾಟೋ, ಕಾಯಿಲೆಯ ಸೂಚನೆಯೋ?

ತುಳಸಿ ಮದುವೆ ಮುಗಿದು ಲಗ್ನದ ಸೀಜನ್ ಶುರುವಾಯಿತೆಂದರೆ ಪುಣೆಯಲ್ಲಿ ಚಳಿಯೂ ಶುರು. ಮಂಗಲ ಕಾರ್ಯಾಲಯದ ಅಡುಗೆಮನೆಗಳಲ್ಲಿ ನಸುಕಿಗೇ ಒಲೆ ಹೊತ್ತುತ್ತದೆ, ಜೊತೆಗೆ ಕೆಮ್ಮಿನ ಸದ್ದೂ ಕೇಳುತ್ತದೆ. "ಅಡುಗೆಯವರಿಗೆ ಕೆಮ್ಮು ಇದ್ದದ್ದೇ" ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ಆದರೆ ಎಲ್ಲ ಕೆಮ್ಮೂ ಒಂದೇ ಅಲ್ಲ. ಸದಸ್ಯ ಬಾಂಧವರು ಇದನ್ನು ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನ.

ಕೆಮ್ಮು ಮೂಲತಃ ದೇಹದ ಕಾವಲುಗಾರ. ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದಾಗ ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್ ಗಾಳಿಯಲ್ಲಿ ಬೆರೆತು ಗಂಟಲಿನ ನರಗಳನ್ನು ಕೆಣಕುತ್ತದೆ. ಈ ಕೆಮ್ಮು ಒಲೆಯಿಂದ ದೂರ ಬಂದ ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ನಿಲ್ಲದಿದ್ದರೆ ಘಾಟನ್ನು ದೂರಿ ಪ್ರಯೋಜನವಿಲ್ಲ; ವಾರ ಎಣಿಸಲು ಶುರು ಮಾಡಬೇಕು.

ವಾರದ ಲೆಕ್ಕ

ನೆಗಡಿಯ ಕೆಮ್ಮು ಸಾಮಾನ್ಯವಾಗಿ 3 ವಾರದೊಳಗೆ ಇಳಿಯುತ್ತದೆ. ಆದರೂ ಕೆಮ್ಮು 2 ವಾರ ದಾಟಿದರೆ ನಮ್ಮ ದೇಶದಲ್ಲಿ ಕ್ಷಯಕ್ಕಾಗಿ ಕಫ ಪರೀಕ್ಷೆ ಮಾಡಿಸಬೇಕೆಂಬುದು ನಿಯಮ. ದೊಡ್ಡವರಲ್ಲಿ 8 ವಾರ ಮೀರಿದ ಕೆಮ್ಮನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎನ್ನುತ್ತಾರೆ. ಕಫದಲ್ಲಿ ರಕ್ತ, ಎದೆನೋವು, ಏದುಸಿರು, ಸಂಜೆ ಜ್ವರ, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ವಾರ ಎಣಿಸುತ್ತ ಕೂರದೆ ಅಂದೇ ವೈದ್ಯರ ಬಳಿ ಹೋಗಬೇಕು.

ಕಾರಣಗಳು ಹಲವು

ರಾತ್ರಿ ಅಥವಾ ಬೆಳಗಿನ ಜಾವ ಹೆಚ್ಚಾಗುವ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ಅಸ್ತಮಾ ಇರಬಹುದು. ಹಿಟ್ಟಿನ ಧೂಳು ಕೆಲವರಲ್ಲಿ ಇದನ್ನು ಕೆರಳಿಸುತ್ತದೆ. ಇನ್ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೂಗಿನಿಂದ ಗಂಟಲಿಗೆ ಇಳಿಯುವ ಕಫ, ಹೊತ್ತಲ್ಲದ ಹೊತ್ತಿನಲ್ಲಿ ಉಂಡು ತಕ್ಷಣ ಮಲಗುವುದರಿಂದ ಹೆಚ್ಚುವ ಹುಳಿತೇಗು, ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳು, ಇವೂ ಕೆಮ್ಮು ತರುತ್ತವೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಬೀಡಿ-ಸಿಗರೇಟು ಸೇದುವವರಲ್ಲಿ ವರ್ಷಗಟ್ಟಲೆ ಕಫ, ಮೆಟ್ಟಿಲು ಹತ್ತಿದರೆ ದಮ್ಮು ಕಂಡರೆ ಅದು ಸಿಒಪಿಡಿ ಆಗಿರಬಹುದು. ಇದರಲ್ಲಿ ಶ್ವಾಸನಾಳಗಳು ಕಿರಿದಾಗಿ ಶ್ವಾಸಕೋಶ ಹಾಳಾಗುತ್ತದೆ. ಸೇದದವರಿಗೂ ಇದು ತಪ್ಪಿದ್ದಲ್ಲ. ನಮ್ಮ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನಲ್ಲಿದ್ದ ಡಾ. ಸಂದೀಪ್ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನದ ಅಂದಾಜಿನಂತೆ, ಸಿಒಪಿಡಿ ರೋಗಿಗಳಲ್ಲಿ ಶೇ. 25ರಿಂದ 45ರಷ್ಟು ಜನ ಎಂದೂ ಸೇದಿದವರಲ್ಲ. ಸೌದೆ, ಬೆರಣಿಯ ಒಲೆಯ ಹೊಗೆ ಇದಕ್ಕೆ ದೊಡ್ಡ ಕಾರಣ. ಊದುವ ಪರೀಕ್ಷೆಯಾದ ಸ್ಪೈರೋಮೆಟ್ರಿಯಿಂದ ಇದು ಪತ್ತೆಯಾಗುತ್ತದೆ.

ಗ್ಯಾಸ್ ಒಲೆಯಿದ್ದರೆ ಚಿಂತೆಯಿಲ್ಲ ಎನ್ನುವಂತಿಲ್ಲ. ಅತಿ ಶಾಖದಲ್ಲಿ ಕರಿಯುವಾಗ ಏಳುವ ಎಣ್ಣೆಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಮುಚ್ಚಿಟ್ಟ ಕೆಮ್ಮು

ನಮ್ಮ ಕಸುಬಿನಲ್ಲಿ ದೊಡ್ಡ ತೊಡಕು ಕಾಯಿಲೆಯಲ್ಲ, ಭಯ. ಟಿ.ಬಿ. ಎಂದರೆ ಕೆಲಸ ಹೋಗುತ್ತದೆಂದು ಹುಡುಗರು ಕೆಮ್ಮು ಮುಚ್ಚಿಡುತ್ತಾರೆ, ಔಷಧಿ ಅಂಗಡಿಯ ಸಿರಪ್ಪಿನಲ್ಲಿ ದಿನ ದೂಡುತ್ತಾರೆ. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗುವ ಆರೆಂಟು ಜನರಿಗೂ ಅಪಾಯ. ಕ್ಷಯ ಹರಡುವುದು ಗಾಳಿಯಿಂದ, ತಟ್ಟೆ-ಲೋಟದಿಂದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ ಸಾಕು, ಆದರೆ ನಡುವೆ ಬಿಡಬಾರದು. 2018ರಲ್ಲಿ ಆರಂಭವಾದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ.

ಆದ್ದರಿಂದ ಮಾಲೀಕರು ಮೊದಲೇ ಒಂದು ಮಾತು ಹೇಳಿಡಬೇಕು: "ಪರೀಕ್ಷೆ ಮಾಡಿಸಿಕೋ. ವೈದ್ಯರು ಹೇಳುವವರೆಗೆ ರಜೆ, ಆಮೇಲೆ ನಿನ್ನ ಕೆಲಸ ನಿನಗೇ." ಆಹಾರ ಸುರಕ್ಷತೆಯ 2011ರ ನಿಯಮಾವಳಿಯಂತೆ ವರ್ಷಕ್ಕೊಮ್ಮೆ ಕೆಲಸಗಾರರ ವೈದ್ಯಕೀಯ ತಪಾಸಣೆ ಕಡ್ಡಾಯ. ಅದನ್ನು ಬರೀ ಸಹಿ-ಶಿಕ್ಕೆಯ ಕಾಗದವಾಗಿಸದೆ, ಕೆಮ್ಮಿನ ಬಗ್ಗೆಯೂ ವೈದ್ಯರಿಂದ ವಿಚಾರಿಸಿಸೋಣ.

ಇಂದೇ ಮಾಡಬಹುದಾದದ್ದು

ಒಲೆ ಹೊತ್ತಿಸುವ ಮೊದಲೇ ಎಗ್ಸಾಸ್ಟ್ ಫ್ಯಾನ್ ಹಾಕಿ, ಅದರ ಜಿಡ್ಡು ಆಗಾಗ ತೆಗೆಸಿ. ಎಣ್ಣೆ ಹೊಗೆಯಾಡುವ ತನಕ ಕಾಯಿಸಬೇಡಿ. ಕರಿಯುವ ಬಾಣಲೆಯ ಮುಂದೆ ಒಬ್ಬನನ್ನೇ ದಿನವಿಡೀ ನಿಲ್ಲಿಸದೆ ಪಾಳಿ ಹಾಕಿ. ಹಿಟ್ಟಿನ ಮೂಟೆಯನ್ನು ಎತ್ತರದಿಂದ ಸುರಿಯಬೇಡಿ. ಹುಡುಗರು ಮಲಗುವ ಕೋಣೆಗೆ ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಕೊಡಿಸಿ; ಒಂದು ಬತ್ತಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆಂದು 2003ರ ಅಧ್ಯಯನವೊಂದು ತಿಳಿಸಿದೆ.

ನೂರಾರು ಎಲೆ ಬಡಿಸುವ ನಾವು ಬಡಿಸುವವನ ಉಸಿರನ್ನೂ ವಿಚಾರಿಸಿಕೊಳ್ಳೋಣ. ಈ ಪುಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಓದಲು ಬಾರದವರಿಗೆ ಓದಿ ಹೇಳಬೇಕೆಂದು ವಿನಂತಿ.