ಗಾಳಿಯ ಲೆಕ್ಕ: ವಿಜಯ್ ಸೂಪರ್ ಎಂಜಿನ್ ಬಿಚ್ಚಿ ಕಟ್ಟುವಾಗ

ಹಳೆಯ ಟೂ-ಸ್ಟ್ರೋಕ್ ಸ್ಕೂಟರಿನ ಪಿಕಪ್ ಹೆಚ್ಚಿಸಬೇಕು ಅನ್ನುವವರು ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಮೂಲದ್ದನ್ನು ಕಳಚಿ, ಹೊಟ್ಟೆ ಉಬ್ಬಿದ ಕೊಳವೆಯೊಂದನ್ನು ತಂದು ಕೂರಿಸುತ್ತಾರೆ. ಸದ್ದು ಬದಲಾಗುತ್ತದೆ, ಗಾಡಿ ಚಿಮ್ಮುತ್ತದೆ. ಕಾರ್ಬ್ಯುರೇಟರಿನ ಜೆಟ್ ಮಾತ್ರ ಹಳೆಯದೇ ಉಳಿದಿರುತ್ತದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಆಕ್ಸಿಲರೇಟರ್ ಪೂರ್ತಿ ತಿರುವಿಟ್ಟು ಓಡಿಸಿದಾಗ ಎಂಜಿನ್ ಗಕ್ಕನೆ ಹಿಡಿದುಕೊಂಡು ಹಿಂದಿನ ಟೈರು ರಸ್ತೆಯ ಮೇಲೆ ಉಜ್ಜುತ್ತದೆ. ಪಿಸ್ಟನ್ ಸೀಜ್ ಆಗಿದೆ ಎಂದು ಅರ್ಥ.

ತಪ್ಪು ಆ ಕೊಳವೆಯದಲ್ಲ. ಈ ಎಂಜಿನ್ನಿನಲ್ಲಿ ಯಾವ ಭಾಗವೂ ಒಂಟಿಯಲ್ಲ. ಒಂದನ್ನು ಬದಲಿಸಿದರೆ ಉಳಿದೆಲ್ಲದರ ಲೆಕ್ಕವನ್ನೂ ಮತ್ತೆ ಹಾಕಬೇಕು, ಮತ್ತು ಅದು ಬಹುಪಾಲು ಗಾಳಿಯ ಲೆಕ್ಕ. ಮನೆಯ ಷೆಡ್ಡಿನಲ್ಲಿ ಸ್ಕೂಟರ್ ಬಿಚ್ಚಿ ಹರಡಿಕೊಂಡವರು ಸ್ಪ್ಯಾನರ್ ಎತ್ತುವ ಮೊದಲು ಈ ಲೆಕ್ಕವನ್ನು ಅರ್ಥಮಾಡಿಕೊಂಡರೆ ಉಳಿದ ಕೆಲಸ ಎಷ್ಟೋ ಸಲೀಸು.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ವಿಜಯ್ ಸೂಪರ್. ಮಿಲಾನ್ ನಗರದ ಲಾಂಬ್ರಾಟೆಯಲ್ಲಿ ಇನೊಸೆಂಟಿ ಕಂಪನಿ 1947ರಲ್ಲಿ ಲ್ಯಾಂಬ್ರೆಟಾ ಸ್ಕೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಕೊನೆಯ ಮಾದರಿಯಾದ ಜಿಪಿ 1969ರಲ್ಲಿ ಬಂತು. ಮೈಕಟ್ಟು ಬೆರ್ಟೋನೆ ವಿನ್ಯಾಸ ಸಂಸ್ಥೆಯದು. ಮಿಲಾನಿನಲ್ಲಿ ತಯಾರಿಕೆ ನಿಂತ ಮೇಲೆ ಭಾರತ ಸರ್ಕಾರದ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ 1972ರಲ್ಲಿ ಸ್ಥಾಪನೆಯಾಗಿ, ಆ ಯಂತ್ರೋಪಕರಣಗಳನ್ನು ಕೊಂಡು ಲಖನೌಗೆ ತಂದಿತು. ಒಳನಾಡಿಗೆ ವಿಜಯ್ ಹೆಸರಿನಲ್ಲಿ, ಹೊರದೇಶಗಳಿಗೆ ಲ್ಯಾಂಬ್ರೆಟಾ ಹೆಸರಿನಲ್ಲಿ 1997ರವರೆಗೂ ಸ್ಕೂಟರುಗಳು ಅಲ್ಲಿಂದ ಹೊರಬಿದ್ದವು. ಬ್ರಿಟನ್ನಿನ ಲ್ಯಾಂಬ್ರೆಟಾ ಪ್ರಿಯರು ಇಂದಿಗೂ ಟ್ಯೂನ್ ಮಾಡುತ್ತಿರುವ ಎಂಜಿನ್ನುಗಳಲ್ಲಿ ಲಖನೌದಲ್ಲಿ ಎರಕಗೊಂಡವೂ ಇವೆ.

ವಿಜಯ್ ಸೂಪರಿನ ಬೋರ್ 57 ಮಿಲಿಮೀಟರ್, ಸ್ಟ್ರೋಕ್ 58, ಗಾತ್ರ 148 ಸಿಸಿ. ಅದೇ 58ರ ಸ್ಟ್ರೋಕಿಗೆ 62ರ ಬೋರ್ ಕೊಟ್ಟು 175 ಸಿಸಿ, 66ರ ಬೋರ್ ಕೊಟ್ಟು 198 ಸಿಸಿ ಮಾಡಿದ್ದೂ ಇನೊಸೆಂಟಿಯೇ. ಹೀಗಾಗಿ ಸಿಲಿಂಡರ್ ದೊಡ್ಡದು ಮಾಡುವ ಆಸೆ ಈ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಆದರೆ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಂತಿದೆ: ಆರ್‌ಸಿಯಲ್ಲಿ ದಾಖಲಾದ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 148 ಸಿಸಿಯೊಳಗೇ ಇದ್ದು ಅದರಿಂದ ಒಳ್ಳೆಯ ಕೆಲಸ ತೆಗೆಯುವುದು ನನಗೆ ಹೆಚ್ಚು ರುಚಿಸುವ ದಾರಿ. ಕಲಿಯಲು ಸಿಗುವುದೂ ಅದರಲ್ಲೇ ಹೆಚ್ಚು.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಒಳಗೆ ಬರುವ ಗಾಳಿಗೊಂದು, ಹೊರಹೋಗುವ ಹೊಗೆಗೊಂದು ವಾಲ್ವ್ ಇರುತ್ತದೆ. ಇಲ್ಲಿ ಒಂದೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಗೆ ಪೆಟ್ರೋಲ್, ಆಯಿಲ್, ಗಾಳಿಯ ಮಿಶ್ರಣ ಸೇರುತ್ತದೆ. ಇಳಿಯುವಾಗ ಅದು ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಅದಕ್ಕಿಂತ ಕ್ಷಣ ಮೊದಲು ಎಕ್ಸಾಸ್ಟ್ ಕಿಂಡಿ ತೆರೆದು ಸುಟ್ಟ ಹೊಗೆ ಹೊರಟಿರುತ್ತದೆ.

ಈ ಕ್ಷಣ ಎಷ್ಟು ಚಿಕ್ಕದು? ನಿಮಿಷಕ್ಕೆ 6000 ಸುತ್ತು ಅಂದರೆ ಸೆಕೆಂಡಿಗೆ 100. ಒಂದು ಸುತ್ತಿಗೆ 10 ಮಿಲಿಸೆಕೆಂಡು. ಟ್ರಾನ್ಸ್‌ಫರ್ ಕಿಂಡಿ 120 ಡಿಗ್ರಿ ತೆರೆದಿರುತ್ತದೆ ಎಂದುಕೊಂಡರೆ ಸಿಲಿಂಡರ್ ತುಂಬಲು ಸಿಗುವ ಕಾಲ ಬರೀ 3.3 ಮಿಲಿಸೆಕೆಂಡು. ಆ ಹೊತ್ತಿನಲ್ಲಿ ಎಕ್ಸಾಸ್ಟ್ ಕಿಂಡಿಯೂ ತೆರೆದೇ ಇರುವುದರಿಂದ ಹೊಸ ಮಿಶ್ರಣದ ಒಂದು ಪಾಲು ಸುಡದೆಯೇ ಹೊರಗೆ ಹೋಗುತ್ತದೆ. ಮೈಲೇಜ್ ಕಮ್ಮಿ ಆಗುವುದಕ್ಕೂ ಟೂ-ಸ್ಟ್ರೋಕ್ ವಾಹನಗಳು ಹೊಗೆ ನಿಯಮಗಳ ಮುಂದೆ ಸೋತದ್ದಕ್ಕೂ ಮುಖ್ಯ ಕಾರಣ ಇದೇ. ಕಿಂಡಿಗಳನ್ನು ಓರೆಯಾಗಿ ಕೊರೆದು, ಮಿಶ್ರಣ ಎದುರು ಗೋಡೆಗೆ ಬಡಿದು ಮೇಲಕ್ಕೆ ಸುತ್ತಿ ಬರುವಂತೆ ಮಾಡುವ ಉಪಾಯವನ್ನು ಜರ್ಮನಿಯ ಆಡೊಲ್ಫ್ ಷ್ನ್ಯೂರ್ಲೆ 1920ರ ದಶಕದಲ್ಲೇ ಕಂಡುಕೊಂಡಿದ್ದರು. ಅದರಿಂದ ನಷ್ಟ ತಗ್ಗಿತು, ನಿಲ್ಲಲಿಲ್ಲ.

ಹೊರಟುಹೋದ ಮಿಶ್ರಣವನ್ನು ವಾಪಸು ತಳ್ಳಲು ಸಾಧ್ಯವೇ? ಇಲ್ಲಿ ಹೊಟ್ಟೆ ಉಬ್ಬಿದ ಕೊಳವೆಯ ಪಾತ್ರ ಶುರುವಾಗುತ್ತದೆ. ಕಿಂಡಿ ತೆರೆದೊಡನೆ ಹೊಗೆಯ ಜತೆ ಒತ್ತಡದ ಅಲೆಯೊಂದು ಸದ್ದಿನ ವೇಗದಲ್ಲಿ ಕೊಳವೆಯೊಳಗೆ ಓಡುತ್ತದೆ. ಕೊಳವೆ ಅಗಲವಾಗುತ್ತಾ ಹೋಗುವ ಕಡೆ ಅದರ ಒಂದಂಶ ಎಳೆತದ ಅಲೆಯಾಗಿ ಹಿಂತಿರುಗಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರುತ್ತದೆ. ಅದರ ಬೆನ್ನಿಗೇ ಹೊಸ ಮಿಶ್ರಣವೂ ಸ್ವಲ್ಪ ಕೊಳವೆಗೆ ಬರುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವ ಕಡೆ, ಬಾವಿಗೆ ಬಾಗಿ ಕೂಗಿದ ದನಿ ತಳಕ್ಕೆ ಬಡಿದು ಮರಳುವ ಹಾಗೆ, ಅಲೆ ಒತ್ತಡವಾಗಿಯೇ ಮರಳಿ ಆ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತುಂಬುತ್ತದೆ. ಅಷ್ಟರಲ್ಲಿ ಪಿಸ್ಟನ್ ಕಿಂಡಿಯನ್ನು ಮುಚ್ಚಬೇಕು. ಇಲ್ಲದ ವಾಲ್ವಿನ ಕೆಲಸವನ್ನು ಒಂದು ಪ್ರತಿಧ್ವನಿ ಮಾಡಿಕೊಡುತ್ತದೆ ಎಂಬುದು ನನಗೆ ಯಾವತ್ತೂ ಬೆರಗಿನ ಸಂಗತಿ.

ಇದನ್ನು ಶಾಸ್ತ್ರವಾಗಿ ಬೆಳೆಸಿದವರು ಪೂರ್ವ ಜರ್ಮನಿಯ ಚೋಪಾವ್ ಪಟ್ಟಣದ ಎಂಝಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. ಕೊಳವೆಯೊಳಗಿನ ಅಲೆಗಳನ್ನು ಆಸಿಲೋಸ್ಕೋಪಿನಲ್ಲಿ ನೋಡಿ, ತಿದ್ದಿ, 1961ರ ಹೊತ್ತಿಗೆ 125 ಸಿಸಿ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದರು. ಲೀಟರಿಗೆ 200ರ ಲೆಕ್ಕ. ಅದೇ ವರ್ಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ವೇಳೆ ತಂಡ ತೊರೆದು ಸುಜುಕಿ ಸೇರಿದರು. ಗುಟ್ಟುಗಳೂ ಜತೆಗೆ ಹೋದವು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಯ ಪಾಲಾಯಿತು. ನಮ್ಮ ವಿಜಯ್ ಸೂಪರಿನದು ಸುಮಾರು 9 ಅಶ್ವಶಕ್ತಿ.

ಲೆಕ್ಕವನ್ನು ನೀವೇ ಹಾಕಬಹುದು. ಬಿಸಿ ಹೊಗೆಯೊಳಗೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳಿ. ಎಕ್ಸಾಸ್ಟ್ ಕಿಂಡಿ 170 ಡಿಗ್ರಿ ತೆರೆದಿದ್ದರೆ, 6000 ಸುತ್ತಿನಲ್ಲಿ ಅದು 4.7 ಮಿಲಿಸೆಕೆಂಡು. ಅಷ್ಟರಲ್ಲಿ ಅಲೆ ಓಡುವ ದೂರ 2.36 ಮೀಟರ್. ಹೋಗಿ ಬರಬೇಕಲ್ಲ, ಆದ್ದರಿಂದ ಅಲೆಯನ್ನು ಹಿಂದಕ್ಕೆ ಕಳಿಸುವ ಜಾಗ ಸುಮಾರು 1.18 ಮೀಟರ್ ದೂರದಲ್ಲಿರಬೇಕು. 8000 ಸುತ್ತಿಗೆ ಹೊಂದಿಸುವುದಾದರೆ 0.89 ಮೀಟರ್ ಸಾಕು. ಗಿಡ್ಡ ಕೊಳವೆ ಮೇಲಿನ ವೇಗದಲ್ಲಿ ಉಕ್ಕುತ್ತದೆ, ಕೆಳಗೆ ಸೊರಗುತ್ತದೆ. ಉದ್ದದ್ದು ಬೇಗ ಎಳೆಯುತ್ತದೆ, ಬೇಗ ದಣಿಯುತ್ತದೆ. ಊರೊಳಗೆ ಓಡಿಸುವ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ಸ್ಕೂಟರಿಗೆ ಉದ್ದದ್ದೇ ಸರಿ. ರೇಸಿನ ಕೊಳವೆಯನ್ನು ತಂದು ಮಾರುಕಟ್ಟೆ ರಸ್ತೆಯಲ್ಲಿ ಕ್ಲಚ್ ಸುಡುವುದರಲ್ಲಿ ಅರ್ಥವಿಲ್ಲ.

ಕಿಂಡಿ ಎಷ್ಟು ಡಿಗ್ರಿ ತೆರೆದಿದೆ ಎಂದು ತಿಳಿಯದೆ ಈ ಲೆಕ್ಕ ಮುಂದೆ ಹೋಗದು. ಅಳೆಯಲು ಫ್ಲೈವೀಲ್ ಇರುವ ಕಡೆ ಡಿಗ್ರಿ ಗುರುತಿನ ತಟ್ಟೆ ಕಟ್ಟಿ, ಪಿಸ್ಟನ್ ಮೇಲಕ್ಕೆ ಪೂರ್ತಿ ಬಾರದಂತೆ ಒಂದು ಬೋಲ್ಟ್ ಅಡ್ಡ ಕೊಟ್ಟು, ಎರಡೂ ದಿಕ್ಕಿಗೆ ತಿರುಗಿಸಿ ನಿಲ್ಲುವ ಗುರುತು ಹಾಕಿ. ಎರಡರ ನಡುಮಧ್ಯೆಯೇ ಪಿಸ್ಟನ್ ಏರುವ ನಿಜವಾದ ತುದಿ; ಡಿಗ್ರಿ ಎಣಿಸುವುದು ಅಲ್ಲಿಂದ. ಕಣ್ಣಳತೆಯಲ್ಲಿ ಇದು ಸಿಗುವುದಿಲ್ಲ. ತುದಿಯ ಹತ್ತಿರ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲ್ಲಾಡಿದಂತೆ ಕಾಣದು. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಕಿಂಡಿಯ ಮೇಲಂಚನ್ನು 1 ಮಿಲಿಮೀಟರ್ ಎತ್ತರಿಸಿದರೆ ಅದು ತೆರೆದಿರುವ ಅವಧಿ ಸುಮಾರು 4 ಡಿಗ್ರಿ ಹೆಚ್ಚುತ್ತದೆ. ಅರ ಹಿಡಿದ ಕೈ ಎಷ್ಟು ತಡೆದು ನಡೆಯಬೇಕು ಎಂಬುದಕ್ಕೆ ಈ ಒಂದು ಅಂಕಿ ಸಾಕು. ಸವೆಸಿದ ಲೋಹ ವಾಪಸು ಬರುವುದಿಲ್ಲ. ನನ್ನ ಸಲಹೆ ಕೇಳಿದರೆ, ಮೊದಲ ಸಲ ಕಿಂಡಿಯ ಎತ್ತರ ಮುಟ್ಟಬೇಡಿ. ಟ್ರಾನ್ಸ್‌ಫರ್ ದಾರಿಯಲ್ಲಿ ಎರಕದ ಉಬ್ಬುಗಳಿರುತ್ತವೆ, ಸಿಲಿಂಡರಿಗೂ ಕೇಸಿಂಗಿಗೂ ನಡುವೆ ಮೆಟ್ಟಿಲಿನಂಥ ತಪ್ಪುಹೊಂದಿಕೆ ಇರುತ್ತದೆ. ಅವನ್ನು ನಯಮಾಡಿ. ಬೋರಿಂಗ್ ಅಂಗಡಿಯಿಂದ ಸಿಲಿಂಡರ್ ಬಂದ ಮೇಲೆ ಕಿಂಡಿಗಳ ಅಂಚಿನ ಚೂಪನ್ನು ತಪ್ಪದೆ ಮುರಿಯಿರಿ, ಇಲ್ಲವಾದರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ಹೆಡ್ಡಿಗೂ ಪಿಸ್ಟನ್ನಿಗೂ ನಡುವಿನ ಅಂಚಿನ ಸಂದನ್ನು ಬೆಸುಗೆಯ ತಂತಿಯಿಂದ ಅಳೆಯುವುದು ಸರಳ. 2 ಮಿಲಿಮೀಟರ್ ದಪ್ಪದ ತುಂಡುಗಳನ್ನು ಗಜನ್ ಪಿನ್ನಿನ ನೇರಕ್ಕೆ ಎರಡೂ ಬದಿ ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ತೆಗೆದರೆ ಚಪ್ಪಟೆಯಾದ ದಪ್ಪವೇ ಉತ್ತರ. ಪಿನ್ನಿನ ನೇರಕ್ಕೇ ಏಕೆಂದರೆ ಬೇರೆ ದಿಕ್ಕಿನಲ್ಲಿ ಪಿಸ್ಟನ್ ತುಸು ವಾಲುತ್ತದೆ, ಅಳತೆ ಸುಳ್ಳಾಗುತ್ತದೆ. 1.2ರಿಂದ 1.5 ಮಿಲಿಮೀಟರ್ ಬಂದರೆ ನೆಮ್ಮದಿ. ತೀರ ಜಾಸ್ತಿ ಇದ್ದರೆ ಅಂಚಿನ ಮಿಶ್ರಣ ತಾನಾಗಿ ಹೊತ್ತಿ ಎಂಜಿನ್ ಕುಟ್ಟುತ್ತದೆ.

ಬೇರಿಂಗುಗಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಯೂಮಿನಿಯಂ ಕೇಸಿಂಗನ್ನು 100 ಡಿಗ್ರಿಗೆ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಅದು ಬಹುಮಟ್ಟಿಗೆ ತನ್ನ ಭಾರಕ್ಕೇ ಒಳಗೆ ಕೂರುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವ ಗುಣ ಇಲ್ಲಿ ನಮಗೆ ಅನುಕೂಲ. ಸೀಜ್ ಆಗುವಾಗ ಅದೇ ಗುಣ ಎದುರಾಳಿ. 57 ಮಿಲಿಮೀಟರಿನ ಅಲ್ಯೂಮಿನಿಯಂ ಪಿಸ್ಟನ್ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.11 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಸುತ್ತುವರಿದ ಎರಕಕಬ್ಬಿಣದ ಸಿಲಿಂಡರ್ 0.06ರಷ್ಟು. ನಡುವೆ ಬಿಟ್ಟಿರುವ ಜಾಗ ಅತ್ಯಲ್ಪ. ಮೇಲಾಗಿ ಪಿಸ್ಟನ್ ಯಾವಾಗಲೂ ಹೆಚ್ಚು ಬಿಸಿ. ಸ್ಕೂಟರಿನ ಎಂಜಿನ್ ಮೈಯೊಳಗೆ ಅಡಗಿರುವುದರಿಂದ ಎದುರುಗಾಳಿ ತಾಗದು. ಫ್ಲೈವೀಲಿನ ಫ್ಯಾನ್ ಮತ್ತು ತಗಡಿನ ಕವಚವೇ ಅದಕ್ಕೆ ಗತಿ. ಅಂದಕ್ಕೆಂದು ಆ ಕವಚ ತೆಗೆಯಬಾರದು.

ಕ್ರ್ಯಾಂಕಿನ ಆಯಿಲ್ ಸೀಲುಗಳು ಗಾಳಿ ಬಿಡುತ್ತಿದ್ದರೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಜೋಡಿಸಿದ ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ 6 ಪಿಎಸ್‌ಐನಷ್ಟು ಗಾಳಿ ತುಂಬಿ, ಮಾಪಕದ ಮುಳ್ಳು ನಿಮಿಷಗಟ್ಟಲೆ ಇಳಿಯದೆ ನಿಂತರೆ ಮಾತ್ರ ಮುಂದಿನ ಕೆಲಸ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಬೇಕು.

ಇನ್ನು ಜೆಟ್. ಡೆಲೊರ್ಟೊ ಕಾರ್ಬ್ಯುರೇಟರಿನ ಜೆಟ್ಟಿನ ಮೇಲಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 100 ಅಂದರೆ 1 ಮಿಲಿಮೀಟರ್. ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಈ ರಂಧ್ರ ಇಂಧನವನ್ನೂ ಅಳೆಯುತ್ತದೆ, ಪಿಸ್ಟನ್ನಿಗೆ ಸಿಗುವ ಆಯಿಲನ್ನೂ ಅಳೆಯುತ್ತದೆ. ಹೆಚ್ಚು ಗಾಳಿ ಎಳೆಯುವ ಕೊಳವೆ ಹಾಕಿ ಜೆಟ್ ಹಾಗೇ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ, ಜಾರಿಕೆ ತಗ್ಗುತ್ತದೆ, ಮೂರೂ ಒಟ್ಟಿಗೆ. ಈಗ ಬಂಕಿನಲ್ಲಿ ಸಿಗುವ, ಎಥೆನಾಲ್ ಬೆರೆತ ಇ20 ಪೆಟ್ರೋಲ್ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲ್ ಶೇ 20 ಬೆರೆತರೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು, ಹಳೆಯ ಜೆಟ್ ಚಿಕ್ಕದಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಇ20 ಬಿಡಬೇಡಿ. ಎಥೆನಾಲ್ ಹವೆಯ ನೀರನ್ನು ಎಳೆದುಕೊಂಡು ತಳದಲ್ಲಿ ಬೇರ್ಪಡಬಹುದು.

ದೊಡ್ಡ ಜೆಟ್ಟಿನಿಂದ ಶುರುಮಾಡಿ ಚಿಕ್ಕದರ ಕಡೆ ಇಳಿಯುವುದೇ ಕ್ಷೇಮ. ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಬೇಕು. ಕಪ್ಪು ಮಸಿ ಇದ್ದರೆ ಜೆಟ್ ದೊಡ್ಡದು, ಬೂದಿಬಿಳಿ ಇದ್ದರೆ ಅಪಾಯ, ಕಂದುಬಣ್ಣ ಬಂದರೆ ಸರಿ.

ಕರ್ನಾಟಕದ ಸವಾರರಿಗೆ ಇನ್ನೊಂದು ಲೆಕ್ಕ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ 8ರಷ್ಟು ತೆಳು. ಇಲ್ಲಿ ಹೊಂದಿಸಿದ ಜೆಟ್ ಕರಾವಳಿಯಲ್ಲಿ ಒಂದೆರಡು ನಂಬರ್ ಚಿಕ್ಕದಾಗುತ್ತದೆ. ನಡುವೆ ಶಿರಾಡಿ ಘಾಟಿ ಬೇರೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನ ತಡೆಯಲ್ಲೇ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜತೆ ಆಯಿಲೂ ಬಹುತೇಕ ನಿಂತಿರುತ್ತದೆ. ಆಗಾಗ ಆಕ್ಸಿಲರೇಟರನ್ನು ಒಮ್ಮೆ ತಿರುವಿ ಪಿಸ್ಟನ್ನಿಗೆ ಆಯಿಲ್ ಉಣಿಸಬೇಕು, ಉಳಿದ ತಡೆಯನ್ನು ಬ್ರೇಕಿಗೆ ಬಿಡಬೇಕು. ಬಲ ಹೆಚ್ಚಿಸಿದ ಸ್ಕೂಟರಿಗೆ ಬ್ರೇಕ್ ಲೈನಿಂಗ್ ಹೊಸದಿರಬೇಕು ಎನ್ನುವುದೂ ಅದಕ್ಕೇ. ಲ್ಯಾಂಬ್ರೆಟಾದ ಟಿವಿ175ಕ್ಕೆ 1962ರಲ್ಲೇ ಮುಂದೆ ಡಿಸ್ಕ್ ಬ್ರೇಕ್ ಬಂದಿತ್ತು, ವಿಜಯ್ ಸೂಪರಿಗೆ ಇರುವುದು ಡ್ರಮ್. ಘಾಟಿ ಇಳಿಯುವವರ ಟೂಲ್ ಬಾಕ್ಸಿನಲ್ಲಿ ಎರಡು ಮತ್ತು ನಾಲ್ಕು ನಂಬರ್ ದೊಡ್ಡದಾದ ಎರಡು ಜೆಟ್, ಒಂದು ಹೊಸ ಪ್ಲಗ್ ಇರಲಿ. ಘಾಟಿಯ ಬುಡದ ಗುಂಡ್ಯದಲ್ಲೇ ನಿಲ್ಲಿಸಿ ದೊಡ್ಡ ಜೆಟ್ ಹಾಕಿಕೊಂಡು ಮುಂದೆ ಹೊರಡಿ, ವಾಪಸು ಸಕಲೇಶಪುರ ಹತ್ತಿದ ಮೇಲೆ ಹಳೆಯದನ್ನು ಹಾಕಿಕೊಳ್ಳಿ.