ಮಿಸ್ಸಿನ ಬಾಯಿಗೆ ಬಾರದ ಇಂಗ್ಲಿಷು ಮಗುವಿನ ಬಾಯಿಗೆ ಬಂದೀತೇ?

ಮೈಸೂರಿನ ದೇವರಾಜ ಮಾರುಕಟ್ಟೆಯ ಹಣ್ಣಿನ ಸಾಲು. ಸಂಜೆ ಆರರ ಹೊತ್ತು. ಸೇಬು ಕೊಳ್ಳಲು ಬಂದ ತಂದೆಯೊಬ್ಬರು ಜೊತೆಗಿದ್ದ ಐದು ವರ್ಷದ ಮಗನನ್ನು ಅಂಗಡಿಯವರ ಮುಂದೆ ನಿಲ್ಲಿಸಿದರು. ‘ಅಂಕಲ್‌ಗೆ ಇಂಗ್ಲಿಷ್ ಹೇಳು ಪುಟ್ಟಾ’ ಎಂದರು.

ಪುಟ್ಟ ಕೈಕಟ್ಟಿ ನಿಂತ. ‘ಎ ಫಾರ್ ಆಪಲ್’ನಿಂದ ಹಿಡಿದು ‘ಝಡ್ ಫಾರ್ ಝೀಬ್ರಾ’ದವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ಅಂಗಡಿಯವರಿಗೆ ಖುಷಿಯೋ ಖುಷಿ. ತಕ್ಕಡಿಯಿಂದ ಒಂದು ಸೇಬು ಎತ್ತಿ ಹಿಡಿದು, ‘ವಾಟ್ ಈಸ್ ದಿಸ್?’ ಎಂದು ಕೇಳಿದರು.

ಹುಡುಗ ಅಪ್ಪನ ಮುಖ ನೋಡಿದ. ಹಣ್ಣು ನೋಡಿದ. ‘ಸೇಬು’ ಎಂದ.

ಸುತ್ತ ಇದ್ದವರು ನಕ್ಕರು. ತಂದೆ ಮಾತ್ರ ನಗಲಿಲ್ಲ. ಜೂನ್ ತಿಂಗಳಲ್ಲಿ ಕಟ್ಟಿದ ಫೀಜು ನೆನಪಾಗಿರಬೇಕು.

ಹುಡುಗನದೇನೂ ತಪ್ಪಿಲ್ಲ ಬಿಡಿ. ಒಪ್ಪಿಸುವುದನ್ನು ಕಲಿಸಿದ್ದರು, ಒಪ್ಪಿಸಿದ. ಇಂಥ ಮಕ್ಕಳು ಊರ ತುಂಬಾ ಇದ್ದಾರೆ. ಒಳಗೆ ಬರುವಾಗ ‘ಮೇ ಐ ಕಮಿನ್ ಮಿಸ್’ ಎಂದು ಕೂಗುವ ಮಗು, ಒಂದಕ್ಕೆ ಹೊರಗೆ ಹೋಗಬೇಕಾದಾಗಲೂ ‘ಮೇ ಐ ಕಮಿನ್ ಮಿಸ್’ ಎಂದೇ ಕೂಗುತ್ತದೆ. ಮಿಸ್ಸಿಗೂ ಅರ್ಥವಾಗುತ್ತದೆ, ಕಳಿಸುತ್ತಾರೆ. ಕೆಲಸ ನಡೆದುಹೋಗುತ್ತದೆ. ಇಂಗ್ಲಿಷು ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ತಮಾಷೆಯ ಸಂಗತಿ ಇನ್ನೊಂದಿದೆ. ಸೇಬು ಹಿಡಿದು ಪ್ರಶ್ನೆ ಕೇಳಿದ ಆ ಅಂಗಡಿಯವರು ಓದಿದ್ದು ಏಳನೇ ಕ್ಲಾಸು. ವಿದೇಶಿಯರು ಬಂದರೆ ‘ಪ್ಲೀಸ್ ಟೇಸ್ಟ್ ಸರ್, ವೆರಿ ಸ್ವೀಟ್’ ಎಂದು ಸಲೀಸಾಗಿ ವ್ಯಾಪಾರ ಕುದುರಿಸುತ್ತಾರೆ. ಯಾವ ವ್ಯಾಕರಣ ಓದಿದ್ದರು? ಇಪ್ಪತ್ತು ವರ್ಷ ಗಿರಾಕಿಗಳ ಮಾತು ಕಿವಿಗೆ ಬಿತ್ತು, ಬಾಯಿಗೆ ಬಂತು. ಅಷ್ಟೇ. ಮಾತು ಕಲಿಯುವ ದಾರಿ ಅದೇ. ಆ ದಾರಿ ಶಾಲೆಗೆ ಮಾತ್ರ ಯಾಕೆ ಗೊತ್ತಾಗಲಿಲ್ಲ?

ಆದೇಶ ಬಂತು, ಮಾತು ಬರಲಿಲ್ಲ

ಒಂದು ಕಾಲಕ್ಕೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷು ಶುರುವಾಗುತ್ತಿದ್ದುದು ಐದನೇ ತರಗತಿಗೆ. 2007-08ರಿಂದ ಅದನ್ನು ಒಂದನೇ ತರಗತಿಗೇ ಇಳಿಸಲಾಯಿತು. 2014ರಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷೆಯಲ್ಲೇ ಕಲಿಸಿ ಎಂದು ಸರ್ಕಾರ ಖಾಸಗಿ ಶಾಲೆಗಳನ್ನು ಬಲವಂತ ಮಾಡುವಂತಿಲ್ಲ ಎಂದಿತು. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ತೆರೆದವು.

ಪ್ರತಿ ಸಲವೂ ಪರ-ವಿರೋಧ ಜೋರಾಗಿ ನಡೆಯಿತು. ಇಂಗ್ಲಿಷು ಬೇಕೋ ಬೇಡವೋ, ಯಾವ ಕ್ಲಾಸಿನಿಂದ ಬೇಕು, ಇದೇ ಜಗಳ. ಕಲಿಸುವವರು ಯಾರು, ಅವರಿಗೆ ಮಾತಾಡಲು ಬರುತ್ತದೆಯೇ ಎಂದು ಕೇಳಿದವರು ಕಡಿಮೆ.

ಈಗ ಲೆಕ್ಕ ಹಾಕಿ ನೋಡಿ. 2007-08ರ ಆಚೆಗೆ ಒಂದನೇ ತರಗತಿಗೆ ಸೇರಿದ ಮಕ್ಕಳು ಪಿಯುಸಿ ಮುಗಿಸಿ, ಇವತ್ತು ತಾವೇ ಟೀಚರಾಗಲು ಬರುತ್ತಿದ್ದಾರೆ. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಹನ್ನೆರಡು ವರ್ಷ ಇಂಗ್ಲಿಷ್ ಓದಿದವರು. ಪಾಸಾದವರು. ಅವರಲ್ಲಿ ಎಷ್ಟು ಮಂದಿ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬಲ್ಲರು?

ಕೈಯಲ್ಲಿ ಚಾರ್ಟು, ಎದೆಯಲ್ಲಿ ಢವಢವ

ಹುಣಸೂರು ಕಡೆಯ ಹಳ್ಳಿಯ ಹುಡುಗಿಯೊಬ್ಬಳ ಪಾಡು ಕೇಳಿ. ತಂದೆಯದು ಚಿಲ್ಲರೆ ಅಂಗಡಿ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಈಗ ಡಿ.ಇಎಲ್.ಇಡಿ. ಓದುತ್ತಿದ್ದಾಳೆ. ಹಳಬರು ಟಿ.ಸಿ.ಎಚ್. ಎನ್ನುತ್ತಿದ್ದರಲ್ಲ, ಆಮೇಲೆ ಡಿ.ಇಡಿ. ಆಯಿತಲ್ಲ, ಅದೇ ಎರಡು ವರ್ಷದ ಕೋರ್ಸು. ದಿನಾ ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಸಂಜೆ ನಿಂತುಕೊಂಡೇ ಹೋಗುತ್ತಾಳೆ.

ಬೋಧನಾಭ್ಯಾಸಕ್ಕೆಂದು ಅವಳನ್ನು ಒಂದನೇ ತರಗತಿಗೆ ಕಳಿಸಿದರು. ರಾತ್ರಿಯೆಲ್ಲ ಕೂತು ಪಾಠಯೋಜನೆ ಬರೆದಿದ್ದಳು. ಕಲಿಕಾ ಫಲ, ಬೋಧನೋಪಕರಣ, ಮೌಲ್ಯಮಾಪನ ಎಲ್ಲಕ್ಕೂ ಗೆರೆ ಎಳೆದ ಕಾಲಂಗಳು. ಥರ್ಮೊಕೋಲಿನಲ್ಲಿ ಹಣ್ಣುಗಳ ಮಾದರಿ. ಕ್ಲಾಸಿಗೆ ಹೋಗಿ ನಿಂತರೆ ಬಾಯಿ ಒಣಗಿತು. ‘ಗುಡ್ ಮಾರ್ನಿಂಗ್ ಚಿಲ್ಡ್ರನ್’ ಆದ ಮೇಲೆ ಮುಂದಿನ ಮಾತೇ ಹೊರಡಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಎ, ಬಿ, ಸಿ, ಡಿ ಬರೆದು ‘ಎಲ್ಲರೂ ಬರ್ಕೊಳಿ’ ಎಂದಳು. ಪೀರಿಯಡ್ ಮುಗಿಯಿತು.

‘ಯಾಕಮ್ಮ ಮಾತಾಡಲಿಲ್ಲ?’ ಎಂದು ಆ ಶಾಲೆಯ ಹಿರಿಯ ಶಿಕ್ಷಕಿ ಕೇಳಿದ್ದಕ್ಕೆ, ‘ತಪ್ಪಾದ್ರೆ ಏನ್ಮಾಡ್ಲಿ ಮೇಡಂ’ ಎಂದಳಂತೆ.

ಈ ಅಂಜಿಕೆ ಅವಳೊಬ್ಬಳದೇ ಅಲ್ಲ. ಇಂಗ್ಲಿಷ್ ಬೋಧನೆ ಕೋರ್ಸಿನಲ್ಲಿ ಒಂದು ವಿಷಯವಾಗಿ ಇದ್ದೇ ಇದೆ. ಆದರೆ ಉದ್ದೇಶಗಳು, ವಿಧಾನಗಳು, ಸೂತ್ರಗಳು ಎಂದು ಬರೆದರೆ ಅಂಕ ಸಿಗುತ್ತದೆ. ಬಾಯಿ ಬಿಟ್ಟು ಮಾತಾಡುವ ಪಾಳಿ ಬರುವುದು ಅಪರೂಪ. ಈಜುವುದು ಹೇಗೆ ಎಂದು ಹತ್ತು ಪುಟ ಬರೆಸಿ ಕೆ.ಆರ್.ಎಸ್. ಹಿನ್ನೀರಿಗೆ ತಳ್ಳಿದ ಹಾಗೆ.

ಮೈಕ್ರೊ ಟೀಚಿಂಗ್ ಎಂಬ ಅಭ್ಯಾಸವೂ ಇದೆ. 1960ರ ದಶಕದಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಕೆಲವೇ ನಿಮಿಷಗಳ ಪುಟ್ಟ ಪಾಠ ಮಾಡಿ, ತಪ್ಪು ತಿಳಿದು, ಮತ್ತೆ ಮಾಡುವುದು. ಇಲ್ಲಿ ಸಾಮಾನ್ಯವಾಗಿ ಸಹಪಾಠಿಗಳೇ ಮಕ್ಕಳಾಗಿ ಬೆಂಚಿನಲ್ಲಿ ಕೂರುತ್ತಾರೆ. ಹತ್ತೊಂಬತ್ತು ವರ್ಷದ ‘ಮಕ್ಕಳು’ ಕೇಳಿದ್ದಕ್ಕೆಲ್ಲ ಉತ್ತರ ಹೇಳಿಬಿಡುತ್ತಾರೆ. ನಿಜವಾದ ಐದು ವರ್ಷದ ಮಗು ಹಾಗಲ್ಲ. ಪಾಠದ ನಡುವೆ ಎದ್ದು ಬಂದು ಮಿಸ್ಸಿನ ಬಳೆ ಮುಟ್ಟಿ ನೋಡುತ್ತದೆ. ಪಕ್ಕದವನ ಪೆನ್ಸಿಲು ಕಿತ್ತುಕೊಳ್ಳುತ್ತದೆ. ಅಮ್ಮ ಬೇಕು ಎಂದು ಅಳುತ್ತದೆ. ಪಾಠಯೋಜನೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಕಿವಿ ಮೊದಲು, ಬಾಯಿ ಆಮೇಲೆ

ಹಾಗಾದರೆ ಪುಟ್ಟ ಮಕ್ಕಳಿಗೆ ಮಾತು ಕಲಿಸುವುದು ಹೇಗೆ? ಪ್ರತಿ ಮನೆಯಲ್ಲೂ ತಾಯಂದಿರು ಮಾಡುವುದೇ ಇದಕ್ಕೆ ದಾರಿ. ಹುಟ್ಟಿದ ಮಗುವಿಗೆ ಯಾರೂ ಅ, ಆ, ಇ, ಈ ಹೇಳಿಕೊಡುವುದಿಲ್ಲ. ‘ಬಾ’, ‘ಕೊಡು’, ‘ಚೆಂಡೆಲ್ಲಿ?’ ಎನ್ನುತ್ತಾರೆ. ಮಗು ವರ್ಷದ ತನಕ ಬರೀ ಕೇಳುತ್ತದೆ. ಬಾಯಲ್ಲಿ ಮಾತಿಲ್ಲ, ಆದರೆ ‘ಚೆಂಡೆಲ್ಲಿ’ ಎಂದರೆ ಕಣ್ಣು ಚೆಂಡಿನ ಕಡೆ ಹೋಗುತ್ತದೆ. ಅರ್ಥ ಮೊದಲು ಕೂರುತ್ತದೆ, ಮಾತು ಆಮೇಲೆ ಹೊರಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ಇದನ್ನೇ ಒಂದು ವಿಧಾನ ಮಾಡಿದರು. ಟೀಚರ್ ‘ಸ್ಟ್ಯಾಂಡ್ ಅಪ್’ ಎಂದು ಹೇಳಿ ತಾನೂ ಎದ್ದು ನಿಲ್ಲುವುದು. ‘ಟಚ್ ಯುವರ್ ನೋಸ್’ ಎಂದು ಹೇಳಿ ಮೂಗು ಮುಟ್ಟಿಕೊಳ್ಳುವುದು. ಮಕ್ಕಳು ಮಾಡಿದರೆ ಸಾಕು, ಹೇಳಬೇಕೆಂದಿಲ್ಲ. ಕೆಲವು ವಾರ ಕಳೆದ ಮೇಲೆ ಮಕ್ಕಳೇ ಒಬ್ಬರಿಗೊಬ್ಬರು ಆಜ್ಞೆ ಮಾಡಲು ಶುರುಮಾಡುತ್ತಾರೆ. ಮಾತಾಡದೆ ಕೂತ ಮಗುವನ್ನು ‘ದಡ್ಡ’ ಎನ್ನುವ ಟೀಚರು ಈ ಒಂದು ಸಂಗತಿ ತಿಳಿದರೆ ಸಾಕು, ಎಷ್ಟೋ ಮಕ್ಕಳು ಬದುಕಿಕೊಂಡಾವು.

ತಿದ್ದುವುದಕ್ಕೂ ಒಂದು ಕ್ರಮ ಬೇಕು. ಮನೆಯಲ್ಲಿ ಮಗು ‘ಅಪ್ಪ ಬಂತು’ ಎಂದರೆ ಯಾರೂ ಬೆತ್ತ ಹಿಡಿಯುವುದಿಲ್ಲ. ‘ಹೂಂ, ಅಪ್ಪ ಬಂದ್ರು’ ಎಂದು ಸರಿಯಾದುದನ್ನು ಹೇಳಿ ಮುಂದೆ ಹೋಗುತ್ತಾರೆ. ಇಂಗ್ಲಿಷಿಗೂ ಅಷ್ಟೇ. ಮಗು ‘ಹಿ ಗೋಡ್’ ಎಂದರೆ ‘ಯೆಸ್, ಹಿ ವೆಂಟ್’ ಎಂದರಾಯಿತು.

ಜೂ ಊರಿನಲ್ಲಿ ಝಡ್ ಕಷ್ಟ

ಇನ್ನು ಉಚ್ಚಾರಣೆ. ಮಗು ಮಿಸ್ಸು ಹೇಳಿದ ಹಾಗೇ ಹೇಳುತ್ತದೆ. ಆ ವಯಸ್ಸಿನ ಕಿವಿ ಅಷ್ಟು ಚುರುಕು. ಮಿಸ್ಸು ‘ಯೆಗ್ಗು’ ಎಂದರೆ ಮಗುವಿಗೂ ಜನ್ಮಪೂರ್ತಿ ‘ಯೆಗ್ಗು’.

ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ, ಕನ್ನಡದ ನಾಲಿಗೆಯ ಅಭ್ಯಾಸ ಅದು. ಕನ್ನಡದ ಮಾತು ಸ್ವರದಲ್ಲಿ ಮುಗಿಯಲು ಇಷ್ಟಪಡುತ್ತದೆ. ಅದಕ್ಕೇ ಬಸ್ ‘ಬಸ್ಸು’ ಆಯಿತು, ಪೆನ್ ‘ಪೆನ್ನು’ ಆಯಿತು. ಮೃಗಾಲಯಕ್ಕೆ ಹೆಸರಾದ ಮೈಸೂರಿನಲ್ಲೇ ಊರಿಗೆ ಊರೇ ‘ಜೂ’ ಎನ್ನುತ್ತದೆ. ಇಂಗ್ಲಿಷಿನ ಆ ಝಡ್ ಶಬ್ದ ಕನ್ನಡದಲ್ಲಿಲ್ಲ, ದುಂಬಿ ಗುಂಯ್‌ಗುಡುವ ಹಾಗೆ ಹಲ್ಲಿನ ಸಂದಿಯಿಂದ ಬರಬೇಕು. ಕನ್ನಡದಲ್ಲಿ ‘ಬನಾನಾ’ ಎಂದರೆ ಅಕ್ಷರಗಳಿಗೆಲ್ಲ ಸರಿಸುಮಾರು ಒಂದೇ ತೂಕ, ಇಂಗ್ಲಿಷಿನಲ್ಲಿ ನಡುವಿನದಕ್ಕೆ ಒತ್ತು.

ಹಳ್ಳಿಯ ಹುಡುಗಿಯರಿಗೆ ಒಂದು ಅನುಕೂಲವೂ ಇದೆ. ‘ಬೇಡ’ವನ್ನು ‘ಬ್ಯಾಡ’ ಎನ್ನುವ ಬಾಯಿಗೆ ‘ಬ್ಯಾಟ್’, ‘ಕ್ಯಾಟ್’ ಕಷ್ಟವೇ ಅಲ್ಲ. ಆ ಸ್ವರ ಊರಿನಿಂದಲೇ ಬಂದಿದೆ. ಇಂಥದ್ದನ್ನು ತೋರಿಸಿಕೊಟ್ಟರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಲಂಡನ್ನಿನವರ ಹಾಗೆ ಮಾತಾಡಿ ಎಂದು ಯಾರೂ ಕೇಳುತ್ತಿಲ್ಲ. ಸ್ಪಷ್ಟವಾಗಿರಲಿ, ಧೈರ್ಯವಾಗಿರಲಿ, ಸಾಕು.

ಮನೆಯ ಹಿತ್ತಿಲ ಮದ್ದು

ಇದಕ್ಕೆಲ್ಲ ಪರದೇಶದಿಂದ ಪಂಡಿತರು ಬರಬೇಕಾಗಿಲ್ಲ. ಬೆಂಗಳೂರಿನಲ್ಲಿ 1963ರಿಂದಲೂ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಶಿಕ್ಷಕರಿಗೆ ತರಬೇತಿ ಕೊಡುವುದೇ ಅದರ ಕೆಲಸ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ನಡೆಸಿದ ಪ್ರಯೋಗ ಭಾಷಾ ಬೋಧನೆಯ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣ ಪಾಠ ಬಿಟ್ಟು ಮಕ್ಕಳಿಗೆ ಕೆಲಸ ಕೊಟ್ಟರು. ರೈಲ್ವೆ ವೇಳಾಪಟ್ಟಿ ನೋಡಿ ಯಾವ ಗಾಡಿ ಮೊದಲು ಹೋಗುತ್ತದೆ ಹೇಳಿ, ನಕ್ಷೆ ನೋಡಿ ದಾರಿ ಹೇಳಿ ಎಂಬಂಥವು. ಮನಸ್ಸು ಕೆಲಸದ ಮೇಲೆ ಇದ್ದರೆ ಭಾಷೆ ತಾನಾಗಿ ಹಿಂದೆ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಆ ಮಕ್ಕಳು ದೊಡ್ಡವರು ನಿಜ. ಒಂದನೇ ತರಗತಿಗೆ ವೇಳಾಪಟ್ಟಿಯ ಬದಲು ತರಕಾರಿ ಚೀಲ ಕೊಟ್ಟರಾಯಿತು.

ಮೈಸೂರು ಜಿಲ್ಲೆಯೇನು ಕಡಿಮೆಯೇ? ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಟಿ. ನರಸೀಪುರದಲ್ಲಿ. ಆಡುತ್ತಾ ಕಲಿಯುವ ‘ನಲಿ ಕಲಿ’ 1995ರಲ್ಲಿ ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಸರ್ಕಾರಿ ಶಾಲೆಯ ಸಾಮಾನ್ಯ ಮೇಷ್ಟ್ರುಗಳೇ ಕಟ್ಟಿ ಬೆಳೆಸಿದ್ದು ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ನಜರ್‌ಬಾದಿನ ವಸಂತ ಮಹಲಿನಲ್ಲಿದೆ. ಮಾನಸಗಂಗೋತ್ರಿಯಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಎರಡೂ ಇವೆ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೇ ಹೇಳಿ ಮಾಡಿಸಿದಂತಿದೆ.

ತರಕಾರಿ ಚೀಲದ ಪಾಠ

ಹುಣಸೂರು ಕಡೆಯ ಆ ಹುಡುಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿರಿಯ ಶಿಕ್ಷಕಿ ಅವಳ ಪಾಠಯೋಜನೆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ‘ನೋಡಮ್ಮ, ನಿಮ್ಮಪ್ಪನ ಅಂಗಡೀಲಿ ಏನೇನಿದೆ, ಒಂದು ಚೀಲದಲ್ಲಿ ಹಾಕ್ಕೊಂಡು ಬಾ. ಹತ್ತೇ ವಾಕ್ಯ ಕಲ್ತುಕೊ. ನಾಲ್ಕು ದಿನ ಅದನ್ನೇ ಆಡು’ ಎಂದರು.

ಮಾರನೇ ದಿನ ಚೀಲದಲ್ಲಿ ಈರುಳ್ಳಿ, ಬಾಳೆಹಣ್ಣು, ಸೋಪು, ಬೀಗ, ಬದನೆಕಾಯಿ. ಬಸ್ಸಿನಲ್ಲಿ ನಿಂತೇ ಹತ್ತು ವಾಕ್ಯ ಗುನುಗಿಕೊಂಡು ಬಂದಳು. ‘ವಾಟ್ ಈಸ್ ಇನ್ ಮೈ ಬ್ಯಾಗ್?’ ಎಂದಾಗ ಮಕ್ಕಳೆಲ್ಲ ಮುಂದೆ ಬಂದು ಮುತ್ತಿಕೊಂಡರು. ‘ಸ್ಮೆಲ್ ಇಟ್’ ಎಂದು ಮೂಸಿಸಿದಳು, ‘ಗಿವ್ ಇಟ್ ಟು ಮಿ’ ಎಂದು ಕೈ ಚಾಚಿದಳು. ಗೊತ್ತಾಗದ ಕಡೆ ಕನ್ನಡದಲ್ಲಿ ಒಂದು ಮಾತು ಹೇಳಿದಳು. ಕನ್ನಡ ಬಂದದ್ದರಿಂದ ಯಾವ ಅಪಚಾರವೂ ಆಗಲಿಲ್ಲ, ಮಕ್ಕಳು ನಿರಾಳವಾದರು.

ನಾಲ್ಕನೇ ದಿನ ಬೇಕೆಂದೇ ಈರುಳ್ಳಿ ಎತ್ತಿ ‘ದಿಸ್ ಈಸ್ ಎ ಬನಾನಾ’ ಎಂದಳು. ಅಲ್ಲಿಯವರೆಗೆ ತುಟಿ ಬಿಚ್ಚದ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ನೋ ಮಿಸ್! ಆನಿಯನ್!’ ಎಂದು ಕೂಗಿದಳು. ಕ್ಲಾಸೆಲ್ಲ ನಕ್ಕಿತು. ಮಿಸ್ಸೂ ನಕ್ಕಳು. ತಪ್ಪಾದರೆ ಏನು ಮಾಡಲಿ ಎಂದು ಹೆದರಿದವಳಿಗೆ ತಪ್ಪಿನಿಂದಲೇ ಪಾಠವಾಗಿತ್ತು.

ಆಗಬೇಕಾದ್ದು

ಕಾಸು ಕೇಳುವ ಕೆಲಸಗಳಲ್ಲ ಇವು. ಟೀಚರ್ ತರಬೇತಿಯಲ್ಲಿ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಮಾತು ಕಡ್ಡಾಯವಾಗಲಿ. ಕ್ಲಾಸಿನಲ್ಲಿ ದಿನಾ ಬೇಕಾಗುವ ಐವತ್ತು ಅರವತ್ತು ವಾಕ್ಯ ನಾಲಿಗೆಯ ಮೇಲೆ ಕೂರಲಿ. ಮಕ್ಕಳಾಗಿ ನಟಿಸುವ ಸಹಪಾಠಿಗಳನ್ನು ಬಿಟ್ಟು, ಮೊದಲ ವರ್ಷದಿಂದಲೇ ನಿಜವಾದ ಪುಟ್ಟ ಮಕ್ಕಳ ನಡುವೆ ವಾರಕ್ಕೊಂದು ದಿನ ಕಳೆಯಲಿ. ಪಾಠಯೋಜನೆಯ ಅಂದಕ್ಕೆ ಕೊಡುವ ಅಂಕದಲ್ಲಿ ಸ್ವಲ್ಪ, ಬಾಯಲ್ಲಿ ಹೇಳಿದ ಒಂದು ಕಥೆಗೆ ಕೊಡಲಿ. ಎಲ್‌ಕೆಜಿ, ಯುಕೆಜಿಗೆ ಯಾವ ತರಬೇತಿಯೂ ಇಲ್ಲದವರನ್ನು ಕಡಿಮೆ ಸಂಬಳಕ್ಕೆ ನಿಲ್ಲಿಸುವ ಶಾಲೆಗಳ ಮೇಲೆ ಇಲಾಖೆ ಕಣ್ಣಿಡಲಿ.

ತಂದೆತಾಯಿಗಳಿಗೂ ಒಂದು ಮಾತು. ಸೀಟು ಕೇಳಲು ಹೋದಾಗ ‘ಇದು ಇಂಗ್ಲಿಷ್ ಮೀಡಿಯಂ ತಾನೇ?’ ಎಂದು ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ಚಿಕ್ಕ ಮಕ್ಕಳ ಕ್ಲಾಸಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಕಿವಿಗೊಡಿ. ಒಳಗೆ ಮಿಸ್ಸು ಮಕ್ಕಳ ಜೊತೆ ಮಾತಾಡುತ್ತಿದ್ದಾರೋ, ಬರೀ ಒಪ್ಪಿಸಿಕೊಳ್ಳುತ್ತಿದ್ದಾರೋ ಗೊತ್ತಾಗುತ್ತದೆ. ಮಾತಾಡುತ್ತಿದ್ದರೆ ಅದು ಸರ್ಕಾರಿ ಕನ್ನಡ ಶಾಲೆಯೇ ಆಗಿರಲಿ, ಧೈರ್ಯವಾಗಿ ಸೇರಿಸಿ.

ಇಂದು ತರಬೇತಿಯಲ್ಲಿರುವ ಒಬ್ಬ ಹುಡುಗಿ ಮುಂದೆ ಮೂವತ್ತು ಮೂವತ್ತೈದು ವರ್ಷ ಪಾಠ ಹೇಳುವವಳು. ಅವಳ ಬಾಯಿ ಇವತ್ತು ತೆರೆದರೆ ಅಷ್ಟೂ ವರ್ಷದ ಮಕ್ಕಳ ಬಾಯಿ ತೆರೆಯುತ್ತದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?