ಪ್ರಶ್ನೆ ಮತ್ತು ಸೇವೆ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಸಮೀಪದ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯವಿದೆ. ಶಾಸನತಜ್ಞ ಬಿ. ಎಲ್. ರೈಸರ ತಂದೆ ಬೆಂಜಮಿನ್ ರೈಸರ ಹೆಸರನ್ನು ಅದು ಹೊತ್ತಿದೆ. ಇಂಥ ಕ್ರೈಸ್ತ ಸಭೆಗಳಲ್ಲಿ ಹಿರಿಯರ ಆರಾಧನೆಯಲ್ಲದೆ ತರುಣರ ಕೂಟಗಳೂ ನಡೆಯುವುದುಂಟು.

1881ರಲ್ಲಿ ಅಮೆರಿಕದ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾದ್ರಿ ಸ್ಥಾಪಿಸಿದ ‘ಕ್ರಿಶ್ಚಿಯನ್ ಎಂಡೆವರ್’ ಸಂಘವು ಇಂಥ ಕೂಟಗಳಿಗೆ ಒಂದು ಮಾದರಿಯಾಯಿತು. ಪ್ರಾರ್ಥನೆ, ಚರ್ಚೆಗಳನ್ನು ಕಿರಿಯರೇ ನಡೆಸಬೇಕೆಂಬುದು ಅದರ ಕ್ರಮ.

‘ಸಜ್ಜನರಿಗೇಕೆ ಸಂಕಟ?’ ಎಂದು ಹುಡುಗಿಯೊಬ್ಬಳು ಕೇಳಿದರೆ ಅದು ಅವಿಶ್ವಾಸವಲ್ಲ. ಬೈಬಲಿನ ಯೋಬನೂ ಹಾಗೆಯೇ ಕೇಳಿದನು. ಗದರಿಸಿದರೆ ಪ್ರಶ್ನೆ ಅಡಗಿಕೊಳ್ಳುವುದೇ ಹೊರತು ಅಳಿಯುವುದಿಲ್ಲ. ಮಾತಿನಿಂದ ಬಗೆಹರಿಯದುದೂ ಉಂಟು. ಆದ್ದರಿಂದಲೇ ಚರ್ಚೆಯೊಡನೆ ರೋಗಿಗಳ ಭೇಟಿ, ಬಡಮಕ್ಕಳಿಗೆ ಪಾಠ ಮೊದಲಾದ ಕಾರ್ಯಗಳೂ ಸೇರಿರುತ್ತವೆ. ನೊಂದವರ ಬಳಿ ಕುಳಿತ ಹುಡುಗಿಗೆ ಸಂಕಟದ ಕಾರಣ ತಿಳಿಯದೆ ಹೋಗಬಹುದು. ತನ್ನ ಕರ್ತವ್ಯವಂತೂ ತಿಳಿಯುತ್ತದೆ.